ಮಂಡಿಯ ಒಂದು ಬದಿ ಮಾತ್ರ ಸವೆದಿದೆ: ಅರ್ಧ ಬದಲಿಸಬೇಕಾ, ಪೂರ್ತಿ ಬದಲಿಸಬೇಕಾ?

ಸಾಗರದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನ ಮಂಡಿ ವಿಚಾರಕ್ಕೆ ಸಲಹೆ ಬೇಕಿತ್ತು. ಅಮ್ಮನಿಗೆ 62 ವರ್ಷ, ತೂಕ 71 ಕೆಜಿ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹಿಡಿತದಲ್ಲಿದೆ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಕೊಟ್ಟಿಗೆ, ತೋಟ, ಅಡಿಕೆ ಸುಲಿಯೋದು ಅಂತ ಬದುಕೆಲ್ಲ ಕೂತು ಎದ್ದು ಮಾಡುವ ಕೆಲಸವೇ.

ಎಡ ಮಂಡಿ ಕೆಲವು ವರ್ಷಗಳಿಂದ ನೋಯುತ್ತಿದೆ. ಈಗ ತೀರಾ ಜಾಸ್ತಿ. ಮೆಟ್ಟಿಲು ಹತ್ತುವಾಗ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಇಳಿಯುವಾಗ ಗೋಡೆ ಹಿಡಿದು, ಬೆನ್ನು ಮುಂದೆ ಮಾಡಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಎಲ್ಲಿ ನೋವು ಅಂತ ಕೇಳಿದರೆ ತೋರುಬೆರಳನ್ನು ಮಂಡಿಯ ಒಳಬದಿಯಲ್ಲಿ ಒಂದೇ ಜಾಗಕ್ಕೆ ಒತ್ತಿ "ಇಲ್ಲೇ" ಅನ್ನುತ್ತಾರೆ. ಹೊರಬದಿಯಲ್ಲಿ ನೋವೇ ಇಲ್ಲವಂತೆ.

ಶಿವಮೊಗ್ಗದಲ್ಲಿ ತೋರಿಸಿದಾಗ ಡಾಕ್ಟರು ಪೂರ್ತಿ ಮಂಡಿ ಬದಲಿಸಬೇಕು ಅಂದರು. ತಮ್ಮ ಬೆಂಗಳೂರಿನಲ್ಲಿದ್ದಾನೆ, ಅಲ್ಲಿ ತೋರಿಸಿದಾಗ "ಅರ್ಧ ಮಂಡಿ ಬದಲಿಸಿದರೆ ಸಾಕು, ಒಳಬದಿ ಮಾತ್ರ ಹಾಳಾಗಿದೆ" ಅಂದರು. ಇಬ್ಬರೂ ನೋಡಿದ್ದು ಅದೇ ಎಕ್ಸ್‌ರೇ. ಯಾರ ಮಾತು ಕೇಳೋದು? ಅಮ್ಮನಿಗೆ ಇರುವ ಆಸೆ ಎರಡೇ. ಹಬ್ಬದ ದಿನ ನೆಲದ ಮೇಲೆ ಕೂತು ಪೂಜೆ ಮಾಡಬೇಕು, ತೋಟದ ತನಕ ಯಾರ ಕೈಯನ್ನೂ ಹಿಡಿಯದೆ ಹೋಗಿ ಬರಬೇಕು.

ಹುಬ್ಬಳ್ಳಿ ಮೂಳೆ ಡಾಕ್ಟರ್

ಮೇಡಂ, ತಾಯಿಯವರು ಒಂದೇ ಬೆರಳಲ್ಲಿ ಜಾಗ ತೋರಿಸುತ್ತಾರೆ ಅಂದಿರಲ್ಲ, ಅದು ನಮಗೆ ಬಹಳ ಮುಖ್ಯವಾದ ಸುಳಿವು. ಮೊಣಕಾಲು ಪೂರ್ತಿ ಹಾಳಾದವರು ಸಾಮಾನ್ಯವಾಗಿ ಅಂಗೈಯಿಂದ ಇಡೀ ಗಂಟನ್ನು ಹಿಡಿದು ತೋರಿಸುತ್ತಾರೆ. ಅದೊಂದರಿಂದಲೇ ತೀರ್ಮಾನ ಮಾಡೋಕೆ ಬರಲ್ಲ, ಆದರೆ ಮುಂದೆ ಏನು ಪರೀಕ್ಷೆ ಮಾಡಬೇಕು ಅನ್ನೋದು ಅದರಿಂದ ಗೊತ್ತಾಗುತ್ತದೆ.

ಮೊಣಕಾಲಿನಲ್ಲಿ ಮೂರು ಭಾಗ ಇದೆ. ಒಳಬದಿ, ಹೊರಬದಿ, ಮತ್ತೆ ಮಂಡಿಚಿಪ್ಪಿನ ಹಿಂದಿನ ಭಾಗ. ಪೂರ್ತಿ ಬದಲಿಸುವಾಗ ತೊಡೆಮೂಳೆಯ ತುದಿ, ಕೆಳಗಿನ ಮೂಳೆಯ ತಲೆ ಎರಡನ್ನೂ ಅಗಲಕ್ಕೆ ಕತ್ತರಿಸಿ ಲೋಹ ಹಾಕುತ್ತೇವೆ. ನಡುವೆ ಪಾಲಿಥಿಲೀನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ತುಂಡು ಇರುತ್ತದೆ. ಹೆಚ್ಚಿನ ಪೂರ್ತಿ ಜಾಯಿಂಟ್‌ಗಳಲ್ಲಿ ಎಸಿಎಲ್ ಅನ್ನುವ ಮುಂದಿನ ಲಿಗಮೆಂಟನ್ನು, ಅಂದರೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯನ್ನು, ತೆಗೆದೇ ಹಾಕಬೇಕು. ಅರ್ಧ ಬದಲಿಸುವಾಗ ಸವೆದ ಬದಿಗೆ ಮಾತ್ರ ಲೋಹದ ಹೊದಿಕೆ. ಉಳಿದ ಎರಡು ಭಾಗ, ಎಲ್ಲ ಲಿಗಮೆಂಟ್‌ಗಳು ಇದ್ದ ಹಾಗೇ ಇರುತ್ತವೆ.

ಯಾರಿಗೆ ಅರ್ಧ ಹೊಂದುತ್ತದೆ ಅಂತ ಹೇಳಬೇಕಾದರೆ ನಾನು ಇಷ್ಟನ್ನು ನೋಡುತ್ತೇನೆ. ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗುವಷ್ಟು ಸವೆದಿರಬೇಕು. ಅರ್ಧಂಬರ್ಧ ಸವೆದವರಿಗೆ ಈ ಆಪರೇಷನ್ ಮಾಡಿದರೆ ನೋವು ಹೋಗೋದು ಕಡಿಮೆ. ಹೊರಬದಿಯಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೆತ್ತೆ, ಅಂದರೆ ಕಾರ್ಟಿಲೇಜ್, ಪೂರ್ತಿ ದಪ್ಪ ಇರಬೇಕು. ಎಸಿಎಲ್ ಗಟ್ಟಿ ಇರಬೇಕು. ಕಾಲು ಬಿಲ್ಲಿನ ಹಾಗೆ ಬಾಗಿದ್ದರೆ ಕೈಯಿಂದ ಒತ್ತಿದಾಗ ನೇರ ಆಗಬೇಕು. ಕಾಲು ಪೂರ್ತಿ ಚಾಚೋಕೆ ಬರದೆ 15 ಡಿಗ್ರಿಗಿಂತ ಜಾಸ್ತಿ ಮಡಿಚಿಯೇ ಉಳಿದಿದ್ದರೆ ಬೇಡ. ಆಮವಾತ, ಅಂದರೆ ರುಮಟಾಯ್ಡ್ ಇರಲೇಬಾರದು. ಅದು ಇಡೀ ಗಂಟನ್ನು ತಿನ್ನುವ ಕಾಯಿಲೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಒಂದೇ ಎಕ್ಸ್‌ರೇ ನೋಡಿ ಇಬ್ಬರು ಬೇರೆ ಬೇರೆ ಹೇಳಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ. ಆ ಎಕ್ಸ್‌ರೇ ಮಲಗಿಸಿ ತೆಗೆದದ್ದಾ, ನಿಲ್ಲಿಸಿ ತೆಗೆದದ್ದಾ? ಮಲಗಿದಾಗ ಮಂಡಿ ಮೇಲೆ ಭಾರವೇ ಬೀಳಲ್ಲ, ಸವೆತ ಮುಚ್ಚಿಹೋಗುತ್ತದೆ. ನಿಂತು ತೆಗೆದದ್ದು ಬೇಕು, ಪಕ್ಕದಿಂದ ತೆಗೆದದ್ದು ಬೇಕು. ಅದರ ಜೊತೆ ಹೊರಬದಿ ಚೆನ್ನಾಗಿದೆಯಾ ಅಂತ ನೋಡೋಕೆ ಕಾಲನ್ನು ಹೊರಕ್ಕೆ ಒತ್ತಿ ಹಿಡಿದು ತೆಗೆಯುವ ಸ್ಟ್ರೆಸ್ ಎಕ್ಸ್‌ರೇ ಬೇಕು. ಇದನ್ನು ಮಾಡದೆ ಅರ್ಧ ಅಂತಲೂ ಹೇಳಬಾರದು, ಪೂರ್ತಿ ಅಂತಲೂ ಹೇಳಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ದಾವಣಗೆರೆ ಅಂಗಡಿಯವ

ಡಾಕ್ಟ್ರೇ, ನನಗೆ ಅರ್ಥ ಆಗದ್ದು ಒಂದಿದೆ. ಹೇಗೂ ಕಾಲು ಕೊಯ್ಯೋದು ಅಂದಮೇಲೆ ಒಂದೇ ಸಲ ಪೂರ್ತಿ ಮಾಡಿಸೋದು ಒಳ್ಳೇದಲ್ವಾ? ಅರ್ಧ ಮಾಡಿಸಿ ಆಮೇಲೆ ಉಳಿದರ್ಧ ಹಾಳಾದರೆ ಮತ್ತೆ ಆಪರೇಷನ್. ನಮ್ಮ ಸೋದರಮಾವನಿಗೆ ಎರಡೂ ಮಂಡಿ ಪೂರ್ತಿ ಮಾಡಿಸಿದ್ದೀವಿ. ಹನ್ನೆರಡು ವರ್ಷ ಆಯ್ತು, ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ. ವಾಜಪೇಯಿಯವರು ಪ್ರಧಾನಿ ಆಗಿದ್ದಾಗಲೇ 2000ದಲ್ಲಿ ಒಂದು ಮಂಡಿ, 2001ರಲ್ಲಿ ಇನ್ನೊಂದು ಮಂಡಿ ಮುಂಬೈಯಲ್ಲಿ ಬದಲಿಸಿಕೊಂಡರು. ಅವರಿಗೆ ಮಾಡಿದ್ದೂ ಪೂರ್ತಿಯೇ ಅಲ್ವಾ?

ಅರಸೀಕೆರೆ ಮಾಸ್ತರು

ನಿಮ್ಮ ಮಾವನವರು ಚೆನ್ನಾಗಿರೋದು ಸಂತೋಷ. ಆದರೆ ಎಲ್ಲರ ಮಂಡಿಯೂ ಒಂದೇ ರೀತಿ ಸವೆದಿರಲ್ಲ. ಚಪ್ಪಲಿಯ ಅಟ್ಟೆ ಒಂದು ಅಂಚಿನಲ್ಲೇ ಸವೆಯುವ ಹಾಗೆ ಕೆಲವರ ಮಂಡಿ ಒಳ ಅಂಚಿನಲ್ಲೇ ಸವೆಯುತ್ತದೆ. ನನ್ನದು ಹಾಗೇ ಇತ್ತು. ಬಲ ಮಂಡಿಗೆ ಅರ್ಧ ಬದಲಿ ಮಾಡಿಸಿಕೊಂಡಿದ್ದೇನೆ. ಇಡೀ ಸರ್ವಿಸ್ ಬೋರ್ಡ್ ಮುಂದೆ ನಿಂತು ಕಳೆದವನು ನಾನು.

ತಂಗೀ, ನಿಮ್ಮ ತಾಯಿಗೆ ಹೇಳೋಕೆ ಅನುಕೂಲವಾಗಲಿ ಅಂತ ಆಪರೇಷನ್ ಆದಮೇಲೆ ಹೇಗಿರುತ್ತದೆ ಅನ್ನೋದನ್ನು ಬರೆಯುತ್ತೇನೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಸಂಜೆಯೇ ವಾಕರ್ ಹಿಡಿಸಿ ನಿಲ್ಲಿಸಿದರು. ಭಯ ಆಗಿತ್ತು, ಆದರೆ ಕಾಲೂರಿದಾಗ ಮೊದಲಿದ್ದ ಆ ಚುಚ್ಚುವ ನೋವು ಇರಲಿಲ್ಲ. ಇದ್ದದ್ದು ಗಾಯದ ನೋವು, ಬಿಗಿತ. ಮೊದಲ ಎರಡು ವಾರ ರಾತ್ರಿಗಳು ಕಷ್ಟ. ಹಗಲು ಓಡಾಡಿಕೊಂಡಿದ್ದರೂ ರಾತ್ರಿ ಮಂಡಿ ಬಿಸಿಯಾಗಿ ಬಿಗಿದುಕೊಳ್ಳುತ್ತದೆ. ಐಸ್ ಇಟ್ಟುಕೊಂಡು, ಹೇಳಿದ ಹೊತ್ತಿಗೆ ನೋವಿನ ಮಾತ್ರೆ ತಗೊಂಡರೆ ತಡೆಯಬಹುದು. ನೋವು ಬಂದಮೇಲೆ ತಗೊಳ್ಳೋಣ ಅಂತ ಕಾಯಬಾರದು.

ಯಾರೂ ಹೇಳದ ಒಂದು ವಿಷಯ ಇದೆ. ಹೊಲಿಗೆಯ ಹೊರಬದಿಯಲ್ಲಿ ಅಂಗೈಯಷ್ಟು ಜಾಗಕ್ಕೆ ಸ್ಪರ್ಶವೇ ಇರಲ್ಲ. ಪಂಚೆ ತಾಗಿದರೂ ಗೊತ್ತಾಗಲ್ಲ. ಚರ್ಮಕ್ಕೆ ಹೋಗುವ ಸಣ್ಣ ನರ ಕೊಯ್ಯುವಾಗ ತುಂಡಾಗುತ್ತದಂತೆ. ಆ ಜಾಗ ಬರ್ತಾ ಬರ್ತಾ ಕಿರಿದಾಯಿತು, ಪೂರ್ತಿ ಹೋಗಿಲ್ಲ. ಅದರ ಮೇಲೆ ಭಾರ ಹಾಕಿ ಮಂಡಿಯೂರಿದರೆ ಒಂಥರಾ ಅನಿಸುತ್ತದೆ, ಹಾಗಾಗಿ ದೇವಸ್ಥಾನದಲ್ಲಿ ನಿಂತೇ ನಮಸ್ಕಾರ ಮಾಡುತ್ತೇನೆ.

ಮೆಟ್ಟಿಲು ಇಳಿಯೋದು ಮಾತ್ರ ಪೂರಾ ಬದಲಾಯಿತು. ಈಗ ಮುಖ ಮುಂದೆ ಮಾಡಿಕೊಂಡು, ಮೆಟ್ಟಿಲಿಗೊಂದು ಕಾಲು ಹಾಕುತ್ತಾ ಇಳಿಯುತ್ತೇನೆ. ಪಕ್ಕದ ಮನೆಯವರು ಪೂರ್ತಿ ಬದಲಿಸಿಕೊಂಡವರು. ಅವರೂ ಚೆನ್ನಾಗೇ ನಡೆಯುತ್ತಾರೆ. ಆದರೆ ಮಂಡಿ ತಮ್ಮದಲ್ಲ ಅನಿಸುತ್ತಿರುತ್ತದೆ ಅನ್ನುತ್ತಾರೆ. ನನಗೆ ಹಾಗನಿಸಿದ್ದಿಲ್ಲ.

ತುಮಕೂರಿನ ಮಗ

ಇನ್ನೊಂದು ಮುಖವೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ನಮ್ಮಪ್ಪನಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅರ್ಧ ಬದಲಿ ಮಾಡಿದರು. "ಚಿಕ್ಕ ಆಪರೇಷನ್, ಬೇಗ ಮನೆಗೆ ಹೋಗ್ತೀರಿ" ಅಂತ ಹೇಳಿದ್ದರು. ಬೇಗ ಮನೆಗೆ ಬಂದದ್ದೂ ನಿಜ. ಮೂರು ವರ್ಷ ಆರಾಮಾಗಿದ್ದರು. ಆಮೇಲೆ ಹೊರಬದಿ ನೋಯೋಕೆ ಶುರುವಾಯಿತು. ಬೇರೆ ಕಡೆ ತೋರಿಸಿದಾಗ ಹೊರಬದಿಯ ಮೆತ್ತೆಯೂ ಹೋಗಿದೆ ಅಂದರು. ಕೊನೆಗೆ ಅದನ್ನು ತೆಗೆದು ಪೂರ್ತಿ ಮಂಡಿ ಹಾಕಿಸಬೇಕಾಯಿತು. ಎರಡನೇ ಸಲ ಖರ್ಚು, ಎರಡನೇ ಸಲ ನೋವು, ಅದೂ 70ರ ವಯಸ್ಸಿನಲ್ಲಿ.

ನನ್ನ ಸಿಟ್ಟು ಆಪರೇಷನ್ ಮೇಲಲ್ಲ. ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತ ಮೊದಲೇ ಒಂದು ಮಾತು ಯಾರೂ ಹೇಳಲಿಲ್ಲ. ಡಾಕ್ಟರು ಮೇಲೆ ಬರೆದ ಸ್ಟ್ರೆಸ್ ಎಕ್ಸ್‌ರೇ ಅಪ್ಪನಿಗೆ ತೆಗೆದೇ ಇರಲಿಲ್ಲ. ಫೈಲ್ ಪೂರ್ತಿ ಹುಡುಕಿದ್ದೇನೆ, ಇಲ್ಲ. ದಯವಿಟ್ಟು ಕೇಳಿ ತೆಗೆಸಿ.

ಹುಬ್ಬಳ್ಳಿ ಮೂಳೆ ಡಾಕ್ಟರ್

ತುಮಕೂರಿನವರ ಮಾತು ಎಲ್ಲರೂ ಓದಬೇಕು. ದಾವಣಗೆರೆಯವರ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ಬ್ರಿಟನ್ನಿನಲ್ಲಿ ಟಾಪ್‌ಕ್ಯಾಟ್ ಅಂತ ಒಂದು ದೊಡ್ಡ ಪ್ರಯೋಗ ಮಾಡಿದರು. 27 ಆಸ್ಪತ್ರೆ, 528 ರೋಗಿಗಳು. ಎಲ್ಲರಿಗೂ ಒಳಬದಿ ಮಾತ್ರ ಸವೆದಿತ್ತು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಪೂರ್ತಿ, ಉಳಿದವರಿಗೆ ಅರ್ಧ ಅಂತ ಹಂಚಿ 5 ವರ್ಷ ನೋಡಿದರು. 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನೋವು ಮತ್ತು ಓಡಾಟಕ್ಕೆ 48ಕ್ಕೆ ಅಂಕ ಕೊಟ್ಟಾಗ ಅರ್ಧದವರಿಗೆ ಸರಾಸರಿ 38, ಪೂರ್ತಿಯವರಿಗೆ 37. ಅಂದರೆ ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ. ಖರ್ಚಿನಲ್ಲಿ ಅರ್ಧವೇ ಲಾಭ ಅಂತ ಕಂಡಿತು.

ಅದಕ್ಕೂ ಮುಂಚೆ 2014ರಲ್ಲಿ ಅಲ್ಲಿನ ಕೀಲು ಬದಲಿಗಳನ್ನೆಲ್ಲ ದಾಖಲಿಸುವ ರಾಷ್ಟ್ರೀಯ ರಿಜಿಸ್ಟ್ರಿಯ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ಹೋಲಿಸಿದ್ದರು. ಅರ್ಧ ಮಾಡಿಸಿಕೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟೋದು, ಸೋಂಕು ಕಡಿಮೆ. ಸಾವೂ ಕಡಿಮೆ. ಆದರೆ 8 ವರ್ಷದೊಳಗೆ ಮತ್ತೆ ಬದಲಿಸಬೇಕಾಗಿ ಬಂದವರು ಸುಮಾರು ಎರಡು ಪಟ್ಟು ಜಾಸ್ತಿ. 25 ವರ್ಷದ ಲೆಕ್ಕವೂ ಇದೆ. ಪೂರ್ತಿ ಹಾಕಿದವುಗಳಲ್ಲಿ ನೂರಕ್ಕೆ ಸುಮಾರು 82 ಅಷ್ಟು ವರ್ಷ ಬಾಳುತ್ತವೆ, ಅರ್ಧದವುಗಳಲ್ಲಿ ಸುಮಾರು 70.

ಹಾಗಾಗಿ ಕೊಡು-ಕೊಳ್ಳುವ ಲೆಕ್ಕ ಇಷ್ಟೇ. ಅರ್ಧದಲ್ಲಿ ಆಪರೇಷನ್ ಹೊತ್ತಿನ ಅಪಾಯ ಕಡಿಮೆ, ಚೇತರಿಕೆ ಬೇಗ, ಮಂಡಿ ಸಹಜ ಅನಿಸುತ್ತದೆ. ಮುಂದೆ ಇನ್ನೊಂದು ಆಪರೇಷನ್ ಬೇಕಾಗುವ ಸಾಧ್ಯತೆ ಜಾಸ್ತಿ. ಇದನ್ನು ರೋಗಿಗೆ ಮೊದಲೇ ಹೇಳದೆ ಸಹಿ ಹಾಕಿಸಿಕೊಳ್ಳೋದು ತಪ್ಪು.

ಇನ್ನೂ ಒಂದು ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಈ ಆಪರೇಷನ್ ಯಾರು ಮಾಡುತ್ತಾರೆ ಅನ್ನೋದರ ಮೇಲೆ ಫಲಿತಾಂಶ ನಿಂತಿದೆ. ತಾವು ಮಾಡುವ ಮಂಡಿ ಬದಲಿಗಳಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಅರ್ಧ ಬದಲಿ ಮಾಡುವ ಸರ್ಜನ್‌ಗಳ ಕೈಯಲ್ಲಿ ಇದು ಚೆನ್ನಾಗಿ ಬಾಳುತ್ತದೆ. ವರ್ಷಕ್ಕೆ ಒಂದೋ ಎರಡೋ ಮಾಡುವವರ ಕೈಯಲ್ಲಿ ಬೇಗ ಕೆಡುತ್ತದೆ. ಅಂಥವರು ಪೂರ್ತಿ ಮಾಡಿದರೆ ರೋಗಿಗೇ ಒಳ್ಳೇದು. ಶಿವಮೊಗ್ಗದ ಡಾಕ್ಟರು ಪೂರ್ತಿ ಅಂದಿದ್ದು ಅವರ ಕೈಗೆ ಅದೇ ಪಳಗಿದೆ ಅಂತ ಇರಬಹುದು. ಅದು ಪ್ರಾಮಾಣಿಕ ಸಲಹೆಯೇ. ಬೆಂಗಳೂರಿನವರನ್ನು ನೇರವಾಗಿ ಕೇಳಿ: "ಸರ್, ವರ್ಷಕ್ಕೆ ಎಷ್ಟು ಅರ್ಧ ಮಂಡಿ ಮಾಡ್ತೀರಿ?" ಅದನ್ನು ಕೇಳೋದರಲ್ಲಿ ಮುಜುಗರ ಏನೂ ಬೇಡ.

ಸಾಗರದ ಮಗಳು

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ, ತುಂಬಾ ಧನ್ಯವಾದ. ಎಕ್ಸ್‌ರೇ ಕವರ್ ತೆಗೆದು ನೋಡಿದೆ. ನಿಂತು ತೆಗೆದದ್ದು ಅಂತ ಎಲ್ಲೂ ಬರೆದಿಲ್ಲ. ಅಮ್ಮನನ್ನು ಕೇಳಿದರೆ ಮೇಜಿನ ಮೇಲೆ ಮಲಗಿಸಿಯೇ ತೆಗೆದರು ಅಂದರು. ಮತ್ತೆ ತೆಗೆಸುತ್ತೇವೆ. ಅಮ್ಮನ ತೂಕ ಅಡ್ಡಿ ಆಗುತ್ತದಾ?

ಮಾಸ್ತರೇ, ಮೆಟ್ಟಿಲು ಇಳಿಯೋ ವಿಷಯ ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಹುಬ್ಬಳ್ಳಿ ಮೂಳೆ ಡಾಕ್ಟರ್

71 ಕೆಜಿ ಅಡ್ಡಿ ಅಲ್ಲ. 1989ರಲ್ಲಿ ಅಮೆರಿಕದ ಇಬ್ಬರು ಸರ್ಜನ್‌ಗಳು ವಯಸ್ಸು 60ರ ಮೇಲಿರಬೇಕು, ತೂಕ 82 ಕೆಜಿ ದಾಟಬಾರದು ಅಂತೆಲ್ಲ ನಿಯಮ ಬರೆದಿದ್ದರು. ಬಹಳ ವರ್ಷ ಎಲ್ಲರೂ ಅದನ್ನೇ ಪಾಲಿಸಿದರು. ಆಮೇಲೆ ಬಂದ ಅಧ್ಯಯನಗಳಲ್ಲಿ, ಮುಖ್ಯವಾಗಿ ನಡುವಿನ ತುಂಡು ಜಾರುವ ಮೊಬೈಲ್ ಬೇರಿಂಗ್ ಮಾದರಿಯಲ್ಲಿ, ವಯಸ್ಸು ತೂಕ ನೋಡಿ ಬೇಡ ಅನ್ನಬೇಕಾಗಿಲ್ಲ ಅಂತ ತಿಳಿಯಿತು. ಸವೆತ ಎಲ್ಲಿದೆ ಅನ್ನೋದೇ ಮುಖ್ಯ. ಅಷ್ಟಾದರೂ ತೂಕ ಇಳಿಸಿದರೆ ಒಳ್ಳೇದು ಅಂತ ಹೇಳುವುದನ್ನು ಬಿಡಲ್ಲ. ಮೈಯಿಂದ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆ ಆಗುತ್ತದೆ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ನಾನು ಇಲ್ಲಿ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ಮೂಲ ಚಿಕ್ಕಮಗಳೂರು. ಡಾಕ್ಟರು ಹೇಳಿದ ಮೊಬೈಲ್ ಬೇರಿಂಗ್ ಮಂಡಿ ಹುಟ್ಟಿದ್ದು ಈ ದೇಶದಲ್ಲೇ, ಆಕ್ಸ್‌ಫರ್ಡಿನಲ್ಲಿ. ಜಾನ್ ಗುಡ್‌ಫೆಲೋ ಅನ್ನುವ ಸರ್ಜನ್, ಜಾನ್ ಓಕಾನರ್ ಅನ್ನುವ ಇಂಜಿನಿಯರ್ ಸೇರಿ 1970ರ ದಶಕದಲ್ಲಿ ರೂಪಿಸಿದ್ದು. ಒಳಬದಿ ಮಾತ್ರ ಸವೆದವರಿಗೆ 1982ರಿಂದ ಹಾಕುತ್ತಿದ್ದಾರೆ. ಎರಡು ಲೋಹದ ನಡುವೆ ಇರುವ ಪಾಲಿಥಿಲೀನ್ ತುಂಡು ಅಂಟಿಕೊಂಡಿರಲ್ಲ. ಮಂಡಿ ಮಡಚಿದಾಗ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಅದಕ್ಕೇ ಸವೆತ ಬಹಳ ಕಡಿಮೆ. ತುಂಡು ಅಂಟಿಕೊಂಡೇ ಇರುವ ಫಿಕ್ಸೆಡ್ ಮಾದರಿಗಳೂ ಇವೆ.

ನಮ್ಮಲ್ಲಿ ಕೆಲವರು ಆಪರೇಷನ್ ಆದ ದಿನವೇ ಮನೆಗೆ ಹೋಗುತ್ತಾರೆ. ಅದನ್ನು ನೋಡಿ ಊರಲ್ಲೂ ಹಾಗೇ ಆಗಬೇಕು ಅಂದುಕೊಳ್ಳಬೇಡಿ. ಇಲ್ಲಿ ಮನೆಗೆ ಫೋನ್ ಮಾಡುವ ತಂಡ ಇರುತ್ತದೆ. ಸಾಗರದ ಹಳ್ಳಿಗೆ ಹೋಗಬೇಕಾದರೆ ಎರಡು ಮೂರು ದಿನ ಆಸ್ಪತ್ರೆಯಲ್ಲೇ ಇದ್ದು ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿಕೊಂಡು ಹೋಗೋದು ಕ್ಷೇಮ.

ಒಂದು ಕೆಲಸ ಮಾಡಿ ಅಕ್ಕ. ಡಾಕ್ಟರು 48 ಅಂಕ ಅಂದರಲ್ಲ, ಅದು ಆಕ್ಸ್‌ಫರ್ಡ್ ನೀ ಸ್ಕೋರ್. ಹನ್ನೆರಡೇ ಪ್ರಶ್ನೆ. ನೋವು ಎಷ್ಟು, ಸ್ನಾನ ಮಾಡಿ ಒರೆಸಿಕೊಳ್ಳೋಕೆ ಕಷ್ಟ ಆಗುತ್ತಾ, ಕಾರು ಬಸ್ಸು ಹತ್ತಿ ಇಳಿಯೋಕೆ ಆಗುತ್ತಾ, ಎಷ್ಟು ಹೊತ್ತು ನಡೆದರೆ ನೋವು ಜಾಸ್ತಿ ಆಗುತ್ತದೆ, ಊಟ ಮಾಡಿ ಕುರ್ಚಿಯಿಂದ ಏಳುವಾಗ ಹೇಗೆ, ರಾತ್ರಿ ನೋವಿಗೆ ಎಚ್ಚರ ಆಗುತ್ತಾ, ಮಂಡಿ ಕುಸಿದಂತೆ ಆಗುತ್ತಾ, ಮೆಟ್ಟಿಲು ಇಳಿಯೋಕೆ ಆಗುತ್ತಾ ಇಂಥವು. ಪ್ರತಿಯೊಂದಕ್ಕೂ 0ಯಿಂದ 4. ಅಮ್ಮನ ಜೊತೆ ಕೂತು ಬರೆದಿಟ್ಟುಕೊಳ್ಳಿ. ಡಾಕ್ಟರ ಮುಂದೆ ನಮ್ಮ ಊರಿನ ಹೆಂಗಸರು "ಪರವಾಗಿಲ್ಲ, ನಡೀತದೆ" ಅಂದುಬಿಡುತ್ತಾರೆ. ನನ್ನ ಅಮ್ಮನೂ ಹಾಗೇ. ಚೀಟಿ ಇದ್ದರೆ ನಿಜ ಹೊರಗೆ ಬರುತ್ತದೆ.

ಕೋಲಾರದ ಸೊಸೆ

ನಮ್ಮ ಅತ್ತೆಗೆ ಎರಡೂ ಮಂಡಿ ಊದಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಕೈಬೆರಳೂ ಬಿಗಿದಿರುತ್ತದೆ, ಸುಮಾರು ಒಂದು ಗಂಟೆ ಬೇಕು ಸಡಿಲ ಆಗೋಕೆ. ಅವರಿಗೂ ಅರ್ಧ ಬದಲಿ ಆಗುತ್ತಾ?

ಹುಬ್ಬಳ್ಳಿ ಮೂಳೆ ಡಾಕ್ಟರ್

ಬೆರಳು ಬಿಗಿಯೋದು, ಒಂದು ಗಂಟೆ ಹಿಡಿಯೋದು ಅಂದರೆ ಮೊದಲು ರುಮಟಾಯ್ಡ್ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ, ಅದರ ತಜ್ಞರಾದ ರುಮಟಾಲಜಿಸ್ಟ್‌ಗೆ ತೋರಿಸಿ. ತಡ ಮಾಡಬೇಡಿ. ಅದಕ್ಕೆ ಒಳ್ಳೆ ಮಾತ್ರೆಗಳಿವೆ. ಆಪರೇಷನ್ ಮಾತು ಆಮೇಲೆ. ರುಮಟಾಯ್ಡ್ ಆಗಿದ್ದರೆ ಅರ್ಧ ಬದಲಿ ಬೇಡವೇ ಬೇಡ.

ದಾವಣಗೆರೆ ಅಂಗಡಿಯವ

ಡಾಕ್ಟ್ರೇ, ಈಗ ಅರ್ಥ ಆಯ್ತು. ಇನ್ನೊಂದು ಕೇಳ್ತೀನಿ. ಇಂಜೆಕ್ಷನ್, ಎಣ್ಣೆ ಮಸಾಜ್, ಮಂಡಿಯೊಳಗೆ ದುರ್ಬೀನು ಹಾಕಿ ತೊಳೆಯೋದು ಇದರಲ್ಲೆಲ್ಲ ಗುಣ ಆಗಲ್ವಾ? ಅಂಗಡಿಗೆ ಬರೋ ಗಿರಾಕಿಗಳು ದಿನಕ್ಕೊಂದು ಹೇಳ್ತಾರೆ.

ಉಡುಪಿ ಫಿಸಿಯೋ

ಇದಕ್ಕೆ ನಾನು ಹೇಳ್ತೇನೆ. ಎಣ್ಣೆ ತಿಕ್ಕಿದರೆ ಸ್ವಲ್ಪ ಹೊತ್ತು ಹಿತ ಅನಿಸುತ್ತದೆ, ತಿಕ್ಕಿ. ಸವೆದ ಮೆತ್ತೆ ಅದರಿಂದ ಬೆಳೆಯಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಏರುತ್ತದೆ, ಎಚ್ಚರ. ದುರ್ಬೀನು ಹಾಕಿ ತೊಳೆಯೋದರ ಬಗ್ಗೆ ಅಮೆರಿಕದಲ್ಲಿ ಒಂದು ಪ್ರಯೋಗ ಆಗಿತ್ತು. ಕೆಲವರಿಗೆ ನಿಜವಾಗಿ ತೊಳೆದರು, ಕೆಲವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿ ಹೊಲಿಗೆ ಹಾಕಿದರು. ಇಬ್ಬರಿಗೂ ಒಂದೇ ಫಲಿತಾಂಶ. 2002ರಲ್ಲೇ ಇದು ಗೊತ್ತಾಗಿದೆ. ಸವೆತಕ್ಕೆ ಅಂತ ಯಾರಾದರೂ ತೊಳೆಯೋಣ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ನಿಜವಾಗಿ ಉಪಯೋಗಕ್ಕೆ ಬರೋದು ತೊಡೆಯ ಸ್ನಾಯು ಗಟ್ಟಿ ಮಾಡೋದು. ಸವೆತ ಕಡಿಮೆ ಇದ್ದವರು ಇದರಿಂದಲೇ ವರ್ಷಗಟ್ಟಲೆ ಆಪರೇಷನ್ ಮುಂದೂಡಬಹುದು. ಮೂಳೆಗೆ ಮೂಳೆ ತಾಗಿದವರಿಗೂ ವ್ಯಾಯಾಮ ಬೇಕು, ಆಪರೇಷನ್ ಆದಮೇಲೆ ಬೇಗ ಏಳುತ್ತಾರೆ.

ಸಾಗರದ ಅಕ್ಕ, ಅಮ್ಮನಿಗೆ ಇವತ್ತಿನಿಂದಲೇ ಶುರು ಮಾಡಿಸಿ. ಮಂಚದ ಮೇಲೆ ಕಾಲು ಚಾಚಿ ಕೂರಲಿ. ಹಿಮ್ಮಡಿ ಕೆಳಗೆ ಒಂದು ಟವೆಲ್ ಸುತ್ತಿ ಇಡಿ. ಮಂಡಿಯನ್ನು ಕೆಳಕ್ಕೆ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸಿ ಬಿಡಲಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಆಪರೇಷನ್ ಆದಮೇಲೆ ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಅದು ಬೇಡ. ಕಾಲು ಮಡಿಚಿಯೇ ಬಿಗಿದುಹೋಗುತ್ತದೆ, ಆಮೇಲೆ ನೇರ ಮಾಡೋಕೆ ನಾವು ಒದ್ದಾಡಬೇಕು. ದಿಂಬು ಇಡಬೇಕಾದರೆ ಹಿಮ್ಮಡಿ ಕೆಳಗೆ.

ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ರಕ್ತ ಹೆಪ್ಪುಗಟ್ಟದ ಹಾಗೆ. ಮೀನಖಂಡ ಊದಿ ಒತ್ತಿದರೆ ನೋವಾದರೆ ಆಸ್ಪತ್ರೆಗೆ ಫೋನ್ ಮಾಡಿ. ಉಸಿರು ಕಟ್ಟಿದ ಹಾಗೆ ಅನಿಸಿದರೆ ಕಾಯದೆ ಅಲ್ಲಿಗೇ ಹೋಗಿ.

ನೆಲದ ಮೇಲೆ ಕೂರೋದರ ಬಗ್ಗೆ ಬಿಚ್ಚಿ ಹೇಳ್ತೇನೆ. ಅರ್ಧ ಬದಲಿ ಆದವರಿಗೆ ಮಂಡಿ ಚೆನ್ನಾಗಿ ಮಡಚುತ್ತದೆ. ಬಹಳ ಜನ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಆದರೆ ಮೊಬೈಲ್ ಬೇರಿಂಗ್ ಇದ್ದರೆ ಆಳವಾಗಿ ಕುಕ್ಕರಗಾಲಲ್ಲಿ ಕೂರುವಾಗ, ತಿರುಚಿ ಏಳುವಾಗ ಆ ತುಂಡು ಜಾರಿ ಜಾಗ ತಪ್ಪುವ ಅಪಾಯ ಇದೆ. ನೆಲದ ಮೇಲೆ ಬದುಕುವ ಏಷ್ಯಾದ ದೇಶಗಳಲ್ಲಿ ಇದು ಜಾಸ್ತಿ ಕಂಡಿದೆ. ಯಾವ ಮಾದರಿ ಹಾಕುತ್ತೀರಿ, ನೆಲದ ಮೇಲೆ ಕೂರಬಹುದಾ ಅಂತ ಸರ್ಜನ್ ಹತ್ತಿರ ಮೊದಲೇ ಕೇಳಿ. ಪೂಜೆಗೆ ಗಿಡ್ಡ ಮಣೆ ಮೇಲೆ ಕೂರೋ ಅಭ್ಯಾಸ ಈಗಲೇ ಮಾಡಿಸಿ. ಅಡಿಕೆ ಸುಲಿಯೋದೂ ಅಷ್ಟೇ, ಮೆಟ್ಟುಗತ್ತಿಯನ್ನು ಬೆಂಚಿಗೆ ಏರಿಸಿಕೊಂಡರೆ ಕುರ್ಚಿಯಲ್ಲೇ ಕೂತು ಸುಲಿಯಬಹುದು. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತಂದಿಡಿ.

ಸಾಗರದ ಮಗಳು

ಮಣೆ ಇದೆ, ಅಜ್ಜಿಯ ಕಾಲದ ಹಲಸಿನ ಮಣೆ. ಎತ್ತರ ಸಾಕಾಗಲಿಕ್ಕಿಲ್ಲ, ಕಾಲು ಹೊಡೆಸುತ್ತೇನೆ. ಖರ್ಚಿನ ಬಗ್ಗೆ ಯಾರಾದರೂ ಹೇಳುತ್ತೀರಾ? ತಮ್ಮನ ಕಂಪನಿಯ ವಿಮೆ ಇದೆ, ಅಮ್ಮನ ಹೆಸರೂ ಅದರಲ್ಲಿದೆ. ಆಸ್ಪತ್ರೆಯಲ್ಲಿ ರೋಬೋಟ್‌ನಿಂದ ಮಾಡಿಸಿದರೆ ಇಷ್ಟು, ಕೈಯಿಂದ ಇಷ್ಟು ಅಂತ ಎರಡು ದರ ಹೇಳಿದ್ದಾರೆ.

ತುಮಕೂರಿನ ಮಗ

ಎರಡು ಸಲ ಬಿಲ್ ಕಟ್ಟಿದವನು ನಾನು, ಹೇಳ್ತೀನಿ. ಮಂಡಿ ಇಂಪ್ಲಾಂಟ್‌ಗಳ, ಅಂದರೆ ಒಳಗೆ ಕೂರಿಸುವ ಕೃತಕ ಭಾಗಗಳ, ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮೇಲ್ಮಿತಿ ಹಾಕಿತು. ಪೂರ್ತಿ ಮಂಡಿಗೆ ಹಾಕುವ ಕೋಬಾಲ್ಟ್ ಕ್ರೋಮಿಯಂ ಲೋಹದ ಸೆಟ್‌ಗೆ ಆಗ ಗೊತ್ತು ಮಾಡಿದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೂ ಮುಂಚೆ ಅದೇ ಸೆಟ್‌ಗೆ ಒಂದೂವರೆ ಲಕ್ಷದ ಮೇಲೆ ಹಾಕುತ್ತಿದ್ದರು. ಮಿತಿ ಇರೋದು ಇಂಪ್ಲಾಂಟ್‌ಗೆ. ಥಿಯೇಟರ್, ರೂಮು, ಡಾಕ್ಟರ ಫೀಸಿಗೆ ಇಲ್ಲ. ಹಾಗಾಗಿ ಪ್ಯಾಕೇಜ್ ಅಂತ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ, ಇಂಪ್ಲಾಂಟ್ ಬೆಲೆ ಬೇರೆ ಬರೆಸಿಕೊಳ್ಳಿ. ಇಂಪ್ಲಾಂಟ್ ಡಬ್ಬಿಯ ಮೇಲಿನ ಸ್ಟಿಕ್ಕರ್ ಡಿಸ್‌ಚಾರ್ಜ್ ಫೈಲ್‌ನಲ್ಲಿ ಅಂಟಿಸಿರಬೇಕು. ಅದನ್ನು ಕಳೆಯಬೇಡಿ. ಅಪ್ಪನ ಎರಡನೇ ಆಪರೇಷನ್ ಹೊತ್ತಿಗೆ ಸರ್ಜನ್ ಮೊದಲು ಕೇಳಿದ್ದೇ ಅದನ್ನು, ಒಳಗೆ ಯಾವ ಕಂಪನಿಯದು, ಯಾವ ಅಳತೆಯದು ಅಂತ.

ವಿಮೆಯವರ ಹತ್ತಿರ ಮಂಡಿ ಬದಲಿಗೆ ಕಾಯುವ ಅವಧಿ ಇದೆಯಾ, ರೋಬೋಟ್‌ಗೆ ಮಿತಿ ಇದೆಯಾ ಅಂತ ಬರಹದಲ್ಲಿ ಕೇಳಿ. ವಿಮೆ ಇಲ್ಲದವರು ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಕೂತಿರುತ್ತಾರೆ, ಅವರ ಹತ್ತಿರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಚಿಕಿತ್ಸಾ ಯೋಜನೆಯ ಅಡಿ ಏನು ಸಿಗುತ್ತದೆ ಅಂತ ವಿಚಾರಿಸಿ. ಬೆಂಗಳೂರಿನ ಜಯನಗರದಲ್ಲಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಇದೆ, ರಾಜ್ಯ ಸರ್ಕಾರದ್ದು. ಅಲ್ಲೂ ಕೇಳಬಹುದು.

ಹುಬ್ಬಳ್ಳಿ ಮೂಳೆ ಡಾಕ್ಟರ್

ರೋಬೋಟ್ ಬಗ್ಗೆ: ಅದು ತಾನೇ ಆಪರೇಷನ್ ಮಾಡಲ್ಲ. ಮಾಡೋದು ಸರ್ಜನ್. ಮೂಳೆ ಎಷ್ಟು ಕತ್ತರಿಸಬೇಕು, ಯಾವ ಕೋನದಲ್ಲಿ ಕೂರಿಸಬೇಕು ಅನ್ನೋದನ್ನು ರೋಬೋಟ್ ಹೆಚ್ಚು ನಿಖರ ಮಾಡುತ್ತದೆ, ಅದು ನಿಜ. ಹೆಚ್ಚು ವರ್ಷ ಬಾಳುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಪಳಗಿದ ಕೈ ಇದ್ದರೆ ರೋಬೋಟ್ ಇಲ್ಲದೆಯೂ ಚೆನ್ನಾಗಾಗುತ್ತದೆ. ಸಾಲ ಮಾಡಿ ರೋಬೋಟ್ ದರ ಕಟ್ಟಬೇಕಾಗಿಲ್ಲ.

ಸಾಗರದ ಮಗಳು

ಎಲ್ಲರಿಗೂ ಒಂದು ಸುದ್ದಿ. ಹೋದ ವಾರ ಬೆಂಗಳೂರಿಗೆ ಹೋಗಿ ಬಂದೆವು. ನಿಲ್ಲಿಸಿ ಎಕ್ಸ್‌ರೇ ತೆಗೆದರು. ಒಳಬದಿಯಲ್ಲಿ ಎರಡು ಮೂಳೆ ನಡುವೆ ಸಂದೇ ಇಲ್ಲ. ನನ್ನ ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಡಾಕ್ಟರು ಸೀಸದ ಏಪ್ರನ್ ಹಾಕಿಕೊಂಡು ತಾವೇ ಅಮ್ಮನ ಕಾಲನ್ನು ಸ್ವಲ್ಪ ಮಡಿಚಿ ಹೊರಕ್ಕೆ ಒತ್ತಿ ಹಿಡಿದು ಇನ್ನೊಂದು ತೆಗೆಸಿದರು. ಅದರಲ್ಲಿ ಒಳಬದಿ ತೆರೆದುಕೊಂಡಿತು, ಹೊರಬದಿಯ ಸಂದು ಅಗಲಕ್ಕೆ ಹಾಗೇ ಇತ್ತು. "ಹೊರಗಿನ ಮೆತ್ತೆ ಗಟ್ಟಿ ಇದೆ ಅಮ್ಮ, ನಿಮ್ಮದೇ ಉಳಿಸಿಕೊಳ್ಳಬಹುದು" ಅಂದರು. ಎಸಿಎಲ್ ಕೂಡ ಸರಿ ಇದೆಯಂತೆ.

ಎಷ್ಟು ಮಾಡ್ತೀರಿ ಅಂತ ಕೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. ನೂರು ಮಂಡಿಯಲ್ಲಿ ಮೂವತ್ತರಷ್ಟು ಅರ್ಧವೇ ಅಂದರು. ಒಳಗೆ ತೆರೆದು ನೋಡಿದಾಗ ಹೊರಬದಿಯೂ ಕೆಟ್ಟಿದ್ದರೆ ಅಲ್ಲೇ ಪೂರ್ತಿಗೆ ಬದಲಿಸುತ್ತೇನೆ, ಅದಕ್ಕೂ ಈಗಲೇ ಒಪ್ಪಿಗೆ ಬೇಕು ಅಂದರು. ಮುಂದೆ ಇನ್ನೊಂದು ಆಪರೇಷನ್ ಬೇಕಾಗಬಹುದು ಅನ್ನೋದನ್ನೂ ತಾವಾಗಿಯೇ ಹೇಳಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಆಗಲಿ, ಅರ್ಧವೇ ಮಾಡಿ" ಅಂದರು.

ಆದರೆ ಅಡಿಕೆ ಗೊನೆಯ ಕೊಯ್ಲು ಮುಗಿಯೋ ತನಕ ಬರಲ್ಲವಂತೆ. ಚಪ್ಪರದ ಮೇಲೆ ಅಡಿಕೆ ಇರುವಾಗ ಮನೆ ಬಿಟ್ಟು ಹೋಗಲ್ಲ ಅಂತ ಹಟ. ಡಾಕ್ಟರು ಎರಡು ಮೂರು ತಿಂಗಳು ತಡ ಆದರೆ ತೊಂದರೆ ಇಲ್ಲ ಅಂದಿದ್ದಾರೆ. ಅಷ್ಟರಲ್ಲಿ ಏನೇನು ತಯಾರಿ ಮಾಡಿಕೊಳ್ಳಬೇಕು?

ಅರಸೀಕೆರೆ ಮಾಸ್ತರು

ಒಳ್ಳೆ ಸುದ್ದಿ ತಂಗೀ. ತಾಯಿಯವರಿಗೆ ನನ್ನ ನಮಸ್ಕಾರ ಹೇಳಿ. ಮನೆಯಲ್ಲಿ ಹೊಸ್ತಿಲು ಎತ್ತರ ಇದ್ದರೆ ವಾಕರ್ ದಾಟಿಸೋದು ಕಷ್ಟ, ಅದನ್ನು ನೋಡಿಟ್ಟುಕೊಳ್ಳಿ. ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಒಂದು ಕಂಬಿ ಹಾಕಿಸಿ.

ಬರ್ಮಿಂಗ್‌ಹ್ಯಾಮ್ ಕನ್ನಡತಿ

ಅಮ್ಮ ತಗೊಳ್ಳುವ ಎಲ್ಲ ಮಾತ್ರೆ, ಕಷಾಯ, ನಾಟಿ ಔಷಧ ಒಂದು ಹಾಳೆಯಲ್ಲಿ ಬರೆದು ಅರಿವಳಿಕೆ ಡಾಕ್ಟರಿಗೆ ಕೊಡಿ ಅಕ್ಕ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ತಾವಾಗಿ ನಿಲ್ಲಿಸಬಾರದು, ಅವರೇ ಹೇಳುತ್ತಾರೆ.

ಹುಬ್ಬಳ್ಳಿ ಮೂಳೆ ಡಾಕ್ಟರ್

ಕೊಯ್ಲು ಮುಗಿಸಿಕೊಂಡೇ ಬರಲಿ. ಅಷ್ಟರಲ್ಲಿ ಸಕ್ಕರೆ ಹತೋಟಿ ತಪ್ಪದ ಹಾಗೆ ನೋಡಿಕೊಳ್ಳಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. 8ರ ಮೇಲಿದ್ದರೆ ಸೋಂಕಿನ ಭಯಕ್ಕೆ ಬಹಳ ಜನ ಸರ್ಜನ್‌ಗಳು ಆಪರೇಷನ್ ಮುಂದೂಡುತ್ತಾರೆ. ಮೂತ್ರದ ಸೋಂಕು, ಕಾಲಿನ ಬೆರಳ ಸಂದಿನ ಹುಣ್ಣು, ಒಡೆದ ಹಿಮ್ಮಡಿ ಇದ್ದರೆ ಮೊದಲೇ ವಾಸಿ ಮಾಡಿಸಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಇದು ಸಾಮಾನ್ಯ. ಹಲ್ಲು ಹುಳುಕಾಗಿದೆಯಾ ನೋಡಿ.

ಸಾಗರದ ಮಗಳು

ಸರ್, ಒಂದು ದವಡೆ ಹಲ್ಲು ಹುಳುಕಾಗಿ ವರ್ಷ ಆಯ್ತು. ಲವಂಗ ಇಟ್ಟುಕೊಂಡು ತಳ್ಳುತ್ತಿದ್ದಾರೆ. ಅದನ್ನು ಆಪರೇಷನ್ ಆದಮೇಲೆ ಕೀಳಿಸಿದರೆ ಆಗಲ್ವಾ?

ಹುಬ್ಬಳ್ಳಿ ಮೂಳೆ ಡಾಕ್ಟರ್

ಮೊದಲೇ ಕೀಳಿಸಿ ಮೇಡಂ. ಬಾಯಿಯ ಸೋಂಕು ರಕ್ತದ ಮೂಲಕ ಹೊಸ ಮಂಡಿಗೆ ಹೋಗಿ ಕೂತರೆ ತೆಗೆಯೋದು ಬಹಳ ಕಷ್ಟ. ಹಲ್ಲು ಕೀಳಿಸಿ ಗಾಯ ಪೂರ್ತಿ ಮಾಯಬೇಕು, ಅದಕ್ಕೆ ಒಂದೆರಡು ವಾರ ಬೇಕು. ಕೊಯ್ಲಿನ ಮಧ್ಯೆ ಒಂದು ದಿನ ಸಾಗರಕ್ಕೆ ಕರೆದುಕೊಂಡು ಹೋಗಿ ಮುಗಿಸಿಬಿಡಿ.